ಸೇವೆ ಬಾಕಿ ಇದ್ದರೂ ನಿರ್ದೇಶಕ ಹುದ್ದೆಯ ಸಂದರ್ಶನಕ್ಕೆ ಕರೆ ಬಾರದಿದ್ದರೆ

ನಿಮ್ಮನ್ನು ತಡೆದಿರುವುದು ಬಹುಶಃ ದಿನಾಂಕದ ಲೆಕ್ಕ. ಎಸ್ಕಾಂ ಮುಖ್ಯ ಎಂಜಿನಿಯರ್ ಆಗಿರುವ ನೀವು ಕೇಂದ್ರದ ವಿದ್ಯುತ್ ಕಂಪನಿಯ ನಿರ್ದೇಶಕ ಹುದ್ದೆಗೆ ಅರ್ಜಿ ಹಾಕಿದಾಗ ನಿವೃತ್ತಿಗೆ ಮೂರು ವರ್ಷ ಎರಡು ತಿಂಗಳಿತ್ತು ಎಂದಿದ್ದೀರಿ. ಸಾರ್ವಜನಿಕ ಉದ್ಯಮಗಳ ಆಯ್ಕೆ ಮಂಡಳಿ ಅರ್ಜಿಯ ದಿನವನ್ನು ನೋಡುವುದಿಲ್ಲ. ನಿವೃತ್ತಿಗೆ ಬಾಕಿ ಇರುವ ಸೇವೆಯನ್ನು ಹುದ್ದೆ ತೆರವಾಗುವ ದಿನದಿಂದ ಎಣಿಸುತ್ತದೆ. ಆ ಕಂಪನಿಯ ಒಳಗಿನವರಿಗೆ 2 ವರ್ಷ ಸಾಕು, ಹೊರಗಿನವರಾದ ನಿಮಗೆ 3 ವರ್ಷ ಬೇಕು. ಪ್ರಕಟಣೆ ತಿಂಗಳುಗಟ್ಟಲೆ ಮುಂಚೆಯೇ ಹೊರಡುವುದರಿಂದ ನಿಮ್ಮ ಎರಡು ತಿಂಗಳು ಅಲ್ಲೇ ಕರಗಿರುತ್ತದೆ. ನಾನು ಸಿಬ್ಬಂದಿ ವಿಭಾಗದಿಂದ ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವು ಬಿದ್ದದ್ದೂ ಇಲ್ಲೇ.

ಮೊದಲು ಪ್ರಕಟಣೆ ತೆರೆದು, ಹುದ್ದೆ ತೆರವಾಗುವ ದಿನಾಂಕದ ಪಕ್ಕದಲ್ಲಿ ನಿಮ್ಮ ನಿವೃತ್ತಿ ದಿನಾಂಕ ಬರೆದುಕೊಳ್ಳಿ. ಮೂರು ವರ್ಷಕ್ಕೆ ಒಂದು ದಿನ ಕಡಿಮೆಯಾದರೂ ಈ ಹುದ್ದೆಯ ಆಸೆ ಬಿಡಿ, ವಾದಿಸಿ ಪ್ರಯೋಜನವಿಲ್ಲ. ಲೆಕ್ಕ ಸರಿಯಿದ್ದರೆ, ರಾಜ್ಯ ಉದ್ಯಮದವರಿಗೆ ಕೇಳಿರುವ ಕನಿಷ್ಠ ವಾರ್ಷಿಕ ವಹಿವಾಟನ್ನು ನಿಮ್ಮ ಕಂಪನಿಯ ಲೆಕ್ಕಪರಿಶೋಧಿತ ವರದಿಯೊಂದಿಗೆ ತಾಳೆ ನೋಡಿ. ಬಳಿಕ ವೇತನ ಶ್ರೇಣಿ. ನಿಮ್ಮ ಶ್ರೇಣಿಯನ್ನು ಮಂಡಳಿಯವರು ಕೇಂದ್ರದ ಶ್ರೇಣಿಗೆ ಹೇಗೆ ಸಮೀಕರಿಸಿದ್ದಾರೆಂದು ಇಲ್ಲಿಂದ ಹೇಳಲಾಗದು.

ಕೊನೆಗೆ, ಅರ್ಜಿ ಕಂಪನಿಯ ಮೂಲಕವೇ ಹೋಗಿದೆಯೇ ಎಂದು ರವಾನೆ ವಹಿಯನ್ನು ಕಣ್ಣಾರೆ ನೋಡಿ. ‘ಕಳಿಸಿದ್ದೇವೆ ಸಾರ್’ ಎಂಬ ಮಾತನ್ನು ನಂಬಬೇಡಿ. ರವಾನೆ ಸಂಖ್ಯೆ ಬರೆದುಕೊಂಡು ಬನ್ನಿ.