‘ಏನು ತಿಂದದ್ದಕ್ಕೆ ಬಂತು?’ ಎಂದು ಕೇಳುವವರ ನಡುವೆ

ಓದುಗರ ಪತ್ರ
(ಬರೆದವರು ಕಾರ್ಕಳ ತಾಲೂಕಿನ ಗೃಹಿಣಿ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರ ದೀರ್ಘವಾಗಿರುವುದರಿಂದ ಮುಖ್ಯ ಭಾಗವನ್ನಷ್ಟೇ ಕೊಟ್ಟಿದ್ದೇವೆ.)

‘ನನ್ನ ಯಜಮಾನರಿಗೆ 47 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಕುಡಿತವೂ ಇಲ್ಲ. ಮನೆಯೂಟ ಬಿಟ್ಟು ಹೊರಗೆ ಉಂಡದ್ದೇ ಅಪರೂಪ. ಮೂಲವ್ಯಾಧಿ ಎಂದು ವರ್ಷವಿಡೀ ಮದ್ದು ಮಾಡಿದ ಮೇಲೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಗಿ ಈಗ ಕಿಮೊಥೆರಪಿ ನಡೆಯುತ್ತಿದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಜನ ನನ್ನನ್ನು ಕೇಳುವುದು ಒಂದೇ: ಅವರು ಏನು ತಿನ್ನುತ್ತಿದ್ದರು, ನೀನು ಏನು ಮಾಡಿ ಹಾಕುತ್ತಿದ್ದೆ? ನಾದಿನಿ ಲಕ್ಷ್ಮಣ ಫಲದ ಎಲೆಯ ಕಷಾಯ ಮಾಡಿ ತರುತ್ತಾಳೆ. ತಿಂಗಳಿಗೆ ನಾಲ್ಕೂವರೆ ಸಾವಿರ ರೂಪಾಯಿಯ ಒಂದು ಪುಡಿಯನ್ನೂ ತರಿಸಿದ್ದಾಳೆ. ಅವಳು ಹೇಳಿದಂತೆ ಸಕ್ಕರೆ, ಹಾಲು, ಅನ್ನ, ಮೀನು, ಮೊಟ್ಟೆ ಎಲ್ಲ ನಿಲ್ಲಿಸಿದ್ದೇವೆ. 62 ಕಿಲೋ ಇದ್ದವರು ಎರಡು ತಿಂಗಳಲ್ಲಿ 56ಕ್ಕೆ ಇಳಿದಿದ್ದಾರೆ. ಫ್ರಿಜ್ಜಿನ ಬಾಟಲಿ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ ಎನ್ನುತ್ತಾರೆ. ಯಕ್ಷಗಾನದ ಆಟವೆಂದರೆ ಪ್ರಾಣ ಬಿಡುತ್ತಿದ್ದವರು ಈಗ ಚಾವಡಿಯಿಂದ ಅಂಗಳಕ್ಕೂ ಇಳಿಯುವುದಿಲ್ಲ. ನನ್ನ ಅಡುಗೆಯಿಂದಲೇ ಬಂತೇ? ಆಹಾರದಿಂದ ವಾಸಿಯಾಗುತ್ತದೆಯೇ? ಮಗ ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಾನೆ, ಮಗಳು ಏಳನೇ ತರಗತಿ. ಅವರಿಗೆ ಬಾರದ ಹಾಗೆ ಏನು ಮಾಡಲಿ?’

ಸಂಪಾದಕರ ಉತ್ತರ

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ಸುತ್ತುಬಳಸು ಬೇಡ. ಇಲ್ಲ, ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಯಾರು ಎಷ್ಟು ಸಲ ಕೇಳಿದರೂ ಇಷ್ಟೇ ಹೇಳಿ, ಮಾತು ಮುಗಿಸಿಬಿಡಿ.

ನಮ್ಮ ಕರುಳಿನ ಒಳಪೊರೆ ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಜೀವಕೋಶಗಳು ಅಷ್ಟು ಬಿರುಸಿನಿಂದ ಒಡೆದು ಎರಡಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಹೆಚ್ಚಿನವನ್ನು ದೇಹವೇ ಸರಿಪಡಿಸಿಕೊಳ್ಳುತ್ತದೆ. ಉಳಿದುಹೋದ ಕೆಲವು ಒಂದರ ಮೇಲೊಂದು ಸೇರಿದರೆ ಸಣ್ಣ ಗಂಟೊಂದು ಏಳುತ್ತದೆ. ವೈದ್ಯರು ಅದನ್ನು ಪಾಲಿಪ್ ಎನ್ನುತ್ತಾರೆ. ಅದು ಕ್ಯಾನ್ಸರ್ ಆಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ತಂಬಾಕು, ಮದ್ಯ, ಬೊಜ್ಜು, ನಾರಿಲ್ಲದ ಊಟ, ಕುಳಿತೇ ಕಳೆಯುವ ದಿನಗಳು ಈ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ನಿಜ. ವಯಸ್ಸು, ವಂಶ ಮತ್ತು ಬರೀ ಆಕಸ್ಮಿಕವೂ ಹೆಚ್ಚಿಸುತ್ತವೆ. ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಮಾತಿನ ಇನ್ನೊಂದು ಮಗ್ಗುಲನ್ನು ಯಾರೂ ಗಮನಿಸುವುದಿಲ್ಲ: ಅರ್ಧ ಅಥವಾ ಅದಕ್ಕಿಂತ ಹೆಚ್ಚನ್ನು ಇಂದಿನ ತಿಳಿವಳಿಕೆಯಿಂದ ತಡೆಯಲಾಗದು. ತಡೆಯಬಹುದಾದ ಪಾಲು ಕೂಡ ಲಕ್ಷಾಂತರ ಜನರ ಲೆಕ್ಕದಿಂದ ಬಂದದ್ದು. ಆ ಲೆಕ್ಕವನ್ನು ಹಿಂದುಮುಂದಾಗಿಸಿ ಒಬ್ಬರ ಊಟದ ಬಟ್ಟಲಿಗೆ ಇಳಿಸಲು ಬರುವುದಿಲ್ಲ.

ಆದರೂ ಜನ ಕೇಳುತ್ತಾರೆ. ಅವರಿಗೆ ನಿಮ್ಮ ಉತ್ತರ ಬೇಕಾಗಿರುವುದಿಲ್ಲ, ತಮಗೆ ಬಾರದು ಎಂಬ ಧೈರ್ಯ ಬೇಕಾಗಿರುತ್ತದೆ. ‘ಅವರು ಅದನ್ನು ತಿಂದರು, ನಾವು ತಿನ್ನುವುದಿಲ್ಲ’ ಎಂದುಕೊಂಡು ಮನೆಗೆ ಹೋದರೆ ರಾತ್ರಿ ನಿದ್ದೆ ಬರುತ್ತದೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದರ ಹೊರೆಯನ್ನು ನೀವು ಹೊರಬೇಕಾಗಿಲ್ಲ. ಈ ಪ್ರಶ್ನೆಯಿಂದ ಆಗುವ ಕೇಡು ದೊಡ್ಡದು. ಎದೆಯಲ್ಲಿ ಗಂಟು ಸಿಕ್ಕಿದ ಹೆಂಗಸು ತಿಂಗಳುಗಟ್ಟಲೆ ಗಂಡನಿಗೂ ಹೇಳದೆ ಮುಚ್ಚಿಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ರೋಗಕ್ಕಿಂತ ಮೊದಲು ‘ನೀನೇ ತಂದುಕೊಂಡದ್ದು’ ಎಂಬ ಮಾತಿಗೆ ಅವಳು ಹೆದರುತ್ತಾಳೆ.

ಇನ್ನು ಊಟದ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಎರಡು ತಿಂಗಳಲ್ಲಿ ಆರು ಕಿಲೋ ಎಂದರೆ ಅವರ ತೂಕದ ಹತ್ತನೇ ಒಂದು ಪಾಲು. ಇದು ತಕ್ಷಣ ನಿಲ್ಲಬೇಕು. ಸೊರಗಿದ ದೇಹ ಕಿಮೊಥೆರಪಿಯನ್ನು ತಡೆದುಕೊಳ್ಳುವುದಿಲ್ಲ. ಔಷಧದ ಪ್ರಮಾಣ ತಗ್ಗಿಸಬೇಕಾಗುತ್ತದೆ, ಸರದಿ ಮುಂದೂಡಬೇಕಾಗುತ್ತದೆ. ಕ್ಯಾನ್ಸರನ್ನು ಉಪವಾಸ ಕೆಡವುತ್ತೇವೆ ಎಂದುಕೊಂಡು ನೀವೆಲ್ಲ ಸೇರಿ ರೋಗಿಯನ್ನು ಉಪವಾಸ ಕೆಡವಿದ್ದೀರಿ.

ಸಕ್ಕರೆಯ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಒಂದು ಮೂಲವಿದೆ. ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನು ಹೆಚ್ಚಾಗಿ ಬಳಸುತ್ತವೆ ಎಂದು ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲಿ ಕಂಡರು. ದೇಹದಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಕೆಲಸ ಮಾಡುವುದೂ ಇದೇ ಗುಣವನ್ನು ಹಿಡಿದುಕೊಂಡು. ಆದರೆ ಬಾಯಿಗೆ ಅನ್ನ ಸಕ್ಕರೆ ನಿಲ್ಲಿಸಿದರೆ ರಕ್ತದಲ್ಲಿ ಗ್ಲುಕೋಸ್ ಇಲ್ಲವಾಗುವುದಿಲ್ಲ. ದೇಹವು ತನ್ನದೇ ಸ್ನಾಯುವನ್ನು ಕರಗಿಸಿ ಅದನ್ನು ತಯಾರಿಸಿಕೊಳ್ಳುತ್ತದೆ. ನಿಮ್ಮ ಯಜಮಾನರು ಕಳೆದುಕೊಂಡ ಆರು ಕಿಲೋದಲ್ಲಿ ಹೀಗೆ ಕರಗಿದ ಸ್ನಾಯುವೂ ಇದೆ. ಅವರಿಗೆ ಮಧುಮೇಹವಿದ್ದರೆ ಲೆಕ್ಕ ಬೇರೆ. ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ.

ಮೀನು, ಮೊಟ್ಟೆ ನಿಲ್ಲಿಸಿದ್ದು ನಂಜಿನ ಹೆದರಿಕೆಯಿಂದ ಎಂದು ಊಹಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಗಾಯವಿದ್ದವರಿಗೆ ಬಂಗುಡೆ ನಂಜು, ಬದನೆ ನಂಜು, ಹಲಸು ನಂಜು. ಕೊನೆಗೆ ಉಳಿಯುವುದು ಗಂಜಿ ಮತ್ತು ಉಪ್ಪಿನಕಾಯಿ. ಆದರೆ ಕೊಯ್ದ ಕರುಳು ಕೂಡಿಕೊಳ್ಳುವುದಕ್ಕೆ, ಬಿಳಿ ರಕ್ತಕಣಗಳು ಮತ್ತೆ ಹುಟ್ಟುವುದಕ್ಕೆ ಬೇಕಾದದ್ದೇ ಪ್ರೋಟೀನು. ಚಿಕಿತ್ಸೆಯಲ್ಲಿರುವವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಒಂದರಿಂದ ಒಂದೂವರೆ ಗ್ರಾಂ ಬೇಕು. ಅಂದರೆ ನಿಮ್ಮವರಿಗೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯ ಮಾಂಸದಲ್ಲಿ 20ರ ಹತ್ತಿರ. ಪುಡಿಗೆ ಕೊಡುವ ನಾಲ್ಕೂವರೆ ಸಾವಿರದಲ್ಲಿ ತಿಂಗಳಿಡೀ ಅವರಿಗೆ ಮೊಟ್ಟೆ, ಹಾಲು, ಮೀನು ಬರುತ್ತದೆ.

ಕುಚ್ಚಲಕ್ಕಿ ಗಂಜಿಯನ್ನು ಬಿಡಬೇಡಿ. ಬಾಯಿ ಹುಣ್ಣಾದಾಗ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಬರೀ ಗಂಜಿಯಲ್ಲಿ ನೀರೇ ಹೆಚ್ಚು, ಸತ್ವ ಕಡಿಮೆ. ಅಕ್ಕಿಯ ಜತೆಗೆ ಹುರಿದ ಹೆಸರುಬೇಳೆ ಹಾಕಿ ಬೇಯಿಸಿ, ಮೇಲೆ ಒಂದು ಚಮಚ ತುಪ್ಪ ಬಿಡಿ. ಮೀನನ್ನು ಮೆಣಸು ಕಡಿಮೆ ಮಾಡಿ, ಮುಳ್ಳು ತೆಗೆದು ಕೊಡಿ. ಮೂರು ಹೊತ್ತಿನ ದೊಡ್ಡ ಊಟ ಸೇರದಿದ್ದರೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಾಯಲ್ಲಿ ಕಬ್ಬಿಣದ ರುಚಿ ಎಂದು ದೂರಿದರೆ ಸ್ಟೀಲ್ ಚಮಚದ ಬದಲು ಮರದ್ದೋ ಪ್ಲಾಸ್ಟಿಕ್ಕಿನದೋ ಕೊಟ್ಟು ನೋಡಿ. ಹುಣ್ಣಿಲ್ಲದ ದಿನ ಪುನರ್ಪುಳಿ ಸಾರು ರುಚಿ ಮರಳಿಸುತ್ತದೆ, ಹುಣ್ಣಿದ್ದರೆ ಅದು ಉರಿಯುತ್ತದೆ. ಶಸ್ತ್ರಚಿಕಿತ್ಸೆಯಾದ ಕರುಳಿಗೆ ನಾರು ಎಷ್ಟು, ಯಾವಾಗ ಎಂಬುದನ್ನು ಆಸ್ಪತ್ರೆಯ ಆಹಾರ ತಜ್ಞರಲ್ಲಿ ಕೇಳಿ ತೀರ್ಮಾನಿಸಿ.

ಬಾಟಲಿ ಮುಟ್ಟಿದರೆ ಕರೆಂಟು ಹೊಡೆದಂತಾಗುವುದು ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಔಷಧದ ಪರಿಚಿತ ಅಡ್ಡಪರಿಣಾಮ. ಅದು ನರಗಳನ್ನು ತಾಗುತ್ತದೆ. ಮುಂದಿನ ಸರದಿಗೆ ಹೋದಾಗ ವೈದ್ಯರಿಗೆ ತಪ್ಪದೆ ತಿಳಿಸಿ. ಅಲ್ಲಿಯವರೆಗೆ ತಣ್ಣೀರು, ಐಸ್‌ಕ್ರೀಮು ಬೇಡ. ಎಳನೀರನ್ನು ಫ್ರಿಜ್ಜಿನಲ್ಲಿಟ್ಟು ಕೊಡಬೇಡಿ. ಇನ್ನೊಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಕಿಮೊಥೆರಪಿ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಬಿಳಿ ರಕ್ತಕಣ ಇಳಿದಿರುವಾಗ ಒಂದು ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಮನೆಮದ್ದು ಮಾಡಿ ಬೆಳಗಿನವರೆಗೆ ಕಾಯುವ ಜ್ವರ ಅದಲ್ಲ. ಗರಿಕೆ, ಗೋಧಿಹುಲ್ಲಿನ ಹಸಿ ರಸ ಬೇಡವೆನ್ನುವುದೂ ಇದೇ ಕಾರಣಕ್ಕೆ. ಒಂದೆಲಗ ಇಷ್ಟವಿದ್ದರೆ ಚೆನ್ನಾಗಿ ಬೇಯಿಸಿ ತಂಬುಳಿ ಮಾಡಿ.

ಲಕ್ಷ್ಮಣ ಫಲದ ಎಲೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದುಂಟು. ಮನುಷ್ಯರಲ್ಲಿ ರೋಗ ಗುಣಪಡಿಸುತ್ತದೆ ಎಂದು ಸಾಬೀತಾಗಿಲ್ಲ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಕಷಾಯವನ್ನೂ ಬಹುಕಾಲ ಸೇವಿಸಿದವರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನರದೌರ್ಬಲ್ಯ ಹೆಚ್ಚಿರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಅದರಲ್ಲಿರುವ ಅನೊನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ವಿಷ. ಒಂದು ಕಡೆ ಔಷಧವೇ ನರವನ್ನು ತಾಗುತ್ತಿರುವಾಗ ಇದನ್ನೂ ಸೇರಿಸುವುದೇ?

ಗಿಡಮೂಲಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಔಷಧ ಬಂದದ್ದು. ಮಕ್ಕಳ ರಕ್ತದ ಕ್ಯಾನ್ಸರಿಗೆ 1960ರ ದಶಕದಿಂದ ಇಂದಿನವರೆಗೂ ಅದನ್ನು ಕೊಡುತ್ತಾರೆ. ಆದರೆ ಕೊಡುವುದು ಶುದ್ಧಗೊಳಿಸಿದ ಒಂದೆರಡು ಮಿಲಿಗ್ರಾಂ, ರಕ್ತನಾಳದ ಮೂಲಕ, ದಿನ ಲೆಕ್ಕ ಹಾಕಿ. ಅದೇ ಗಿಡದ ಎಲೆಯನ್ನು ಅರೆದು ಕುಡಿದರೆ ವಿಷವೇರುತ್ತದೆ. ನಿಮ್ಮ ಮನೆಯಲ್ಲಿರುವ ಪುಡಿಯಲ್ಲಿ ಏನಿದೆ, ಎಷ್ಟಿದೆ ಎಂದು ಪೊಟ್ಟಣ ಹೇಳುತ್ತದೆಯೇ? ಅದನ್ನು ಈಗಲೇ ನಿಲ್ಲಿಸಿ. ಮುಂದಿನ ಸಲ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಬೈಯುತ್ತಾರೆ ಎಂದು ಮುಚ್ಚಿಟ್ಟರೆ ಯಕೃತ್ತಿಗೆ ತೊಂದರೆಯಾದಾಗ ಕಾರಣ ಹುಡುಕುವುದು ಅವರಿಗೂ ಕಷ್ಟವಾಗುತ್ತದೆ.

ಹಾಗಾದರೆ ರೋಗ ಬಂದ ಮೇಲೆ ಜೀವನಶೈಲಿಗೆ ಬೆಲೆಯೇ ಇಲ್ಲವೇ? ಇದೆ, ಮತ್ತು ನಿಮ್ಮವರ ರೋಗದ ಬಗ್ಗೆಯೇ ಅದಕ್ಕೆ ಗಟ್ಟಿ ಆಧಾರವಿದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಎರಡೂ ಮುಗಿದ 889 ಮಂದಿಯನ್ನು ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಪುಸ್ತಿಕೆಗಳನ್ನು ಕೊಟ್ಟರು. ಇನ್ನೊಂದಕ್ಕೆ ಅದರ ಜತೆಗೆ ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿಸಿದರು. ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆ, ಒಂದು ಗಂಟೆ ಬಿರುಸಾಗಿ ನಡೆದರೆ ಸರಿಹೋಗುವಷ್ಟು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಂಟು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ಶೇ. 90 ಮಂದಿ ಬದುಕಿದ್ದರು, ಪುಸ್ತಿಕೆಯ ಗುಂಪಿನಲ್ಲಿ ಶೇ. 83. ಚಿಕಿತ್ಸೆಯ ಬದಲಿಗಲ್ಲ, ಚಿಕಿತ್ಸೆ ಪೂರ್ತಿ ಮುಗಿಸಿದ ಮೇಲೆ ಎಂಬುದನ್ನು ಅಡಿಗೆರೆ ಹಾಕಿ ಓದಿ. ನಿಮ್ಮವರು ಈಗಲೇ ಚಾವಡಿಯಿಂದ ಇಳಿಯಲಿ. ಅಂಗಳಕ್ಕೆ ಎರಡು ಸುತ್ತು, ನಾಳೆ ಗೇಟಿನವರೆಗೆ. ಕಿಮೊಥೆರಪಿಯ ಬಳಲಿಕೆ ಮಲಗಿದಷ್ಟೂ ಹೆಚ್ಚುತ್ತದೆ, ನಡೆದಷ್ಟೂ ತಗ್ಗುತ್ತದೆ. ಚೇತರಿಸಿಕೊಂಡ ಮೇಲೆ, ರಕ್ತಕಣದ ಲೆಕ್ಕ ಸರಿಯಿದೆ ಎಂದು ವೈದ್ಯರು ಹೇಳಿದ ವಾರ, ಒಂದು ಕಾಲಮಿತಿಯ ಆಟಕ್ಕೆ ಕರೆದುಕೊಂಡು ಹೋಗಿ. ಗುಂಪಿನ ನಡುವೆ ಬೇಡ, ಗಾಳಿಯಾಡುವ ಕಡೆ ಕುರ್ಚಿ ಹಾಕಿಸಿ.

‘ಧೈರ್ಯ ಬಿಟ್ಟರೆ ರೋಗ ಗೆಲ್ಲುತ್ತದೆ’ ಎಂದು ಅವರಿಗೆ ಯಾರೂ ಹೇಳದಂತೆ ನೋಡಿಕೊಳ್ಳಿ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನಸ್ಸಿನ ಉಲ್ಲಾಸಕ್ಕೂ ಬದುಕಿದ ಅವಧಿಗೂ ಸಂಬಂಧ ಕಾಣಲಿಲ್ಲ. ಅವರಿಗೆ ಅಳು ಬಂದರೆ ಅಳಲಿ. ಅದರಿಂದ ಗಡ್ಡೆ ಬೆಳೆಯುವುದಿಲ್ಲ. ವಾರಗಟ್ಟಲೆ ಮಾತು, ನಿದ್ದೆ ಎರಡೂ ಬಿಟ್ಟಿದ್ದರೆ ಅದು ಖಿನ್ನತೆ. ಅದಕ್ಕೂ ಮದ್ದಿದೆ, ಕೇಳಿ ಪಡೆಯಿರಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಮಗನ ಬಗ್ಗೆ ನನಗಿರುವ ದೊಡ್ಡ ಆತಂಕ ಗೂಡಂಗಡಿಯಲ್ಲಿ ನೇತಾಡುವ ಪೊಟ್ಟಣಗಳದ್ದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟ ಮುಂದುವರಿಯಿತು. ತಂಬಾಕು ಹಾಕದಿದ್ದರೆ ತೊಂದರೆಯಿಲ್ಲ ಎಂದು ಹುಡುಗರು ನಂಬಿದ್ದಾರೆ. ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಈ ಸಾಲುಗಳನ್ನು ಓದಿ ನಮ್ಮ ಅನೇಕ ಓದುಗರು ನೊಂದುಕೊಳ್ಳುತ್ತಾರೆಂದು ಬಲ್ಲೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಮನೆಗಳಲ್ಲಿ ಮಕ್ಕಳು ಓದಿದ್ದು, ಮದುವೆಯಾದದ್ದು ಅಡಿಕೆಯ ದುಡ್ಡಿನಲ್ಲಿ. ಮೊದಲ ವರ್ಗ ಎಂದರೆ ಪುರಾವೆ ಗಟ್ಟಿಯಾಗಿದೆ ಎಂದರ್ಥ, ಒಂದು ಸಲ ತಾಂಬೂಲ ಮೆದ್ದವರಿಗೆಲ್ಲ ರೋಗ ಬರುತ್ತದೆ ಎಂದಲ್ಲ. ಆದರೂ ದಿನವಿಡೀ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಳ್ಳುವ ಹುಡುಗನ ಬಾಯಿಯ ಒಳಚರ್ಮ ಹಗ್ಗದಂತೆ ಬಿಗಿಯುತ್ತಾ ಹೋಗುವುದನ್ನು ಇಲ್ಲಿನ ದಂತವೈದ್ಯರು ನೋಡುತ್ತಲೇ ಇದ್ದಾರೆ. ಬೆಳೆಗಾರರ ಮೇಲಿನ ಪ್ರೀತಿಗಾಗಿ ಅದನ್ನು ಬರೆಯದೆ ಬಿಡಲಾರೆ. ಮಗ ರಜೆಯಲ್ಲಿ ಬಂದಾಗ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಲು ಹೇಳಿ. ಹೋಗದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ದಂತವೈದ್ಯರಲ್ಲಿಗೆ ಕಳುಹಿಸಿ.

ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಲು ಇದೇ ತಕ್ಕ ವಯಸ್ಸು. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಕೊಟ್ಟರೆ ಹೆಚ್ಚು ಫಲಕಾರಿ. ಪುಣೆಯ ಸೀರಂ ಸಂಸ್ಥೆಯ ದೇಶೀ ಲಸಿಕೆಯೂ ಬಂದಿದೆ. ನೀವೂ ನಿಮ್ಮನ್ನು ಮರೆಯಬೇಡಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಯನ್ನು ಸರಕಾರದ ಕಾರ್ಯಕ್ರಮದಲ್ಲಿಯೇ ಮಾಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಿಕ್ಕದ್ದು ನೀವು ಕೇಳಿರುವಂಥದ್ದೇ: ತಂಬಾಕು ಬೇಡ, ಮದ್ಯ ಬೇಡ, ತೂಕ ಹಿಡಿತದಲ್ಲಿರಲಿ, ವಾರಕ್ಕೆ 150 ನಿಮಿಷಕ್ಕೆ ಕಡಿಮೆಯಾಗದಂತೆ ಮೈ ಬೆವರಲಿ. ಕುಚ್ಚಲಕ್ಕಿ, ಹರಿವೆ, ಬಸಳೆ, ಹುರುಳಿ ಇರುವ ನಿಮ್ಮ ಅಡುಗೆಯನ್ನು ಬದಲಿಸಬೇಕಾಗಿಲ್ಲ.

ಕೊನೆಯದಾಗಿ, ನಿಮ್ಮ ನಾದಿನಿಯ ಬಗ್ಗೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅಣ್ಣನನ್ನು ಉಳಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನೆಲ್ಲ ತಂದಿದ್ದಾರೆ. ಆದರೆ ನಿಮ್ಮ ಕುಟುಂಬದಲ್ಲಿ ಈಗ ಪರೀಕ್ಷೆ ಮಾಡಿಸಿಕೊಳ್ಳಬೇಕಾದವರಲ್ಲಿ ಮೊದಲಿಗರು ಅವರೇ. ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿನಲ್ಲಿ ಅಥವಾ ರೋಗಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಬೇಕೆಂಬುದು ವೈದ್ಯರ ಸಲಹೆ. ಪಾಲಿಪ್ ಸಿಕ್ಕಿದರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಅದು ಕ್ಯಾನ್ಸರ್ ಆಗುವ ಮಾತೇ ಇಲ್ಲ. ನಿಮ್ಮ ಮಕ್ಕಳಿಗೂ ಮುಂದೆ ಇದೇ ಲೆಕ್ಕ. 50ಕ್ಕೂ ಮೊದಲೇ ರೋಗ ಬಂದಿರುವುದರಿಂದ ಇದು ವಂಶವಾಹಿಯದ್ದೇ ಅಲ್ಲವೇ ಎಂದು ತಿಳಿಯಲು ಗಡ್ಡೆಯ ಮಾದರಿಯಲ್ಲಿ ಪರೀಕ್ಷೆ ಮಾಡಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ವಂಶವಾಹಿಯದಾದರೆ ಮನೆಮಂದಿಯ ತಪಾಸಣೆ ಇನ್ನೂ ಬೇಗ ಶುರುವಾಗಬೇಕು. ನಾದಿನಿಗೆ ಮಲದಲ್ಲಿ ರಕ್ತ ಕಂಡಿದ್ದರೆ, ಕಾರಣವಿಲ್ಲದೆ ರಕ್ತಹೀನತೆಯಿದ್ದರೆ ವಯಸ್ಸಿನ ಲೆಕ್ಕವನ್ನೂ ಕಾಯುವುದು ಬೇಡ, ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸುವುದೂ ಬೇಡ. ಈ ಸಂಚಿಕೆಯನ್ನು ಅವರ ಕೈಗೇ ಕೊಟ್ಟು ಓದಿಸಿ. ಯಜಮಾನರ ಮುಂದಿನ ಸರದಿಗೆ ಹೋಗುವ ದಿನವೇ ಅವರನ್ನೂ ಜತೆಗೆ ಕರೆದುಕೊಂಡು ಹೋಗಿ, ದಿನ ಗೊತ್ತುಮಾಡಿಕೊಂಡು ಬನ್ನಿ.

– ಸಂಪಾದಕ