ಸರಾಸರಿಯ ಲೆಕ್ಕ ಬರುತ್ತದೆ, ಅರ್ಥ ತಿಳಿಯುವುದಿಲ್ಲ: ಸಂಖ್ಯಾಶಾಸ್ತ್ರವನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಹತ್ತನೆಯ ತರಗತಿಯ ಮಕ್ಕಳು ಸರಾಸರಿ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), ಬಹುಲಕ (ಹೆಚ್ಚು ಸಲ ಬರುವ ಅಂಕಿ) ಇವುಗಳನ್ನು ಸೂತ್ರ ಹಾಕಿ ತಪ್ಪಿಲ್ಲದೆ ಬಿಡಿಸುತ್ತಾರೆ. ಬಂದ ಉತ್ತರ ಏನು ಹೇಳುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ, ಎಸ್ಸೆಸ್ಸೆಲ್ಸಿ ಪಾಠಗಳನ್ನು ಮುಗಿಸುವ ಒತ್ತಡವೂ ಇದೆ. ಅರ್ಥವಾಗುವಂತೆ ಕಲಿಸಲು ದಾರಿ ಇದೆಯೇ?

ಉತ್ತರ: ಖಂಡಿತ ಇದೆ, ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಪಠ್ಯದ ಲೆಕ್ಕಗಳಲ್ಲಿ ದತ್ತಾಂಶವು ಸಿದ್ಧವಾಗಿಯೇ ಬರುವುದರಿಂದ, ಅದನ್ನು ಯಾರು, ಏಕೆ, ಹೇಗೆ ಅಳೆದರು ಎಂದು ಕೇಳುವ ಅವಕಾಶವೇ ಮಕ್ಕಳಿಗೆ ಸಿಗುವುದಿಲ್ಲ. ಆದ್ದರಿಂದ ಸೂತ್ರಕ್ಕೆ ಮೊದಲು ತರಗತಿಯದೇ ಆದ ಒಂದು ಪ್ರಶ್ನೆ ಇರಲಿ.

ಬೆಂಗಳೂರಿನ ಮಕ್ಕಳಿಗೆ ಹತ್ತಿರದ ಪ್ರಶ್ನೆಯೆಂದರೆ, ಮನೆಯಿಂದ ಶಾಲೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು. ಕೇಳಿದ ಕೂಡಲೇ ಚರ್ಚೆ ಹುಟ್ಟುತ್ತದೆ: ಬಸ್ಸಿಗಾಗಿ ಕಾಯುವ ಸಮಯ ಸೇರಬೇಕೇ, ಮಳೆ ಬಂದ ದಿನದ ಲೆಕ್ಕ ಹಿಡಿಯಬೇಕೇ? ಈ ಚರ್ಚೆಗೆ ಅರ್ಧ ಅವಧಿ ಹೋದರೂ ಚಿಂತಿಸಬೇಡಿ, ಏಕೆಂದರೆ ಅಳತೆಯ ನಿಯಮ ಬದಲಾದರೆ ಅಂಕಿಗಳೂ ಬದಲಾಗುತ್ತವೆ ಎಂಬುದೇ ಸಂಖ್ಯಾಶಾಸ್ತ್ರದ ಮೊದಲ ಪಾಠ.

ಒಂಬತ್ತು ಮಕ್ಕಳ ಉತ್ತರ ನಿಮಿಷಗಳಲ್ಲಿ 5, 8, 10, 10, 12, 15, 15, 20, 85 ಎಂದು ಬಂತೆನ್ನಿ. ಕಪ್ಪು ಹಲಗೆಯ ಮೇಲೆ ಸಂಖ್ಯಾರೇಖೆ ಎಳೆದು, ಪ್ರತಿಯೊಬ್ಬರೂ ಬಂದು ತಮ್ಮ ಚುಕ್ಕಿ ಇಡಲಿ. ಸರಾಸರಿ 20, ಮಧ್ಯಾಂಕ 12. ಏಳು ಮಂದಿ 20 ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಬರುತ್ತಿರುವಾಗ ಸರಾಸರಿ 20 ಆಗಿದ್ದು ಹೇಗೆ ಎಂದು ಕೇಳಿ, ಉತ್ತರವನ್ನು ನೀವು ಹೇಳದೆ ಕಾಯಿರಿ. ದೂರದ ಒಂದೇ ಚುಕ್ಕಿಯು ಸರಾಸರಿಯನ್ನು ತನ್ನೆಡೆಗೆ ಸೆಳೆದಿರುವುದನ್ನೂ ಮಧ್ಯಾಂಕವು ಕದಲದೆ ಇರುವುದನ್ನೂ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಆ 85ನ್ನು ತಪ್ಪೆಂದು ಅಳಿಸಿಬಿಡುವ ಮೊದಲು ಅದನ್ನು ಬರೆದ ವಿದ್ಯಾರ್ಥಿಯನ್ನು ವಿಚಾರಿಸಬೇಕು. ಹೊಸಕೋಟೆಯ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಗೆ ಅದು ದಿನನಿತ್ಯದ ಸತ್ಯವಾಗಿರಬಹುದು.

ಅಂಕಿಗಳನ್ನು ಗುಂಪುಗಳಾಗಿ ವಿಂಗಡಿಸುವ ವರ್ಗಾಂತರದ ಪಾಠಕ್ಕೂ ಇದೇ ದತ್ತಾಂಶ ಸಾಕು. 0–10, 10–20, 20–30, 80–90 ಎಂಬ ವರ್ಗಾಂತರಗಳಲ್ಲಿ ಆವೃತ್ತಿಗಳು, ಅಂದರೆ ಒಂದೊಂದರಲ್ಲಿ ಬೀಳುವ ಅಂಕಿಗಳ ಎಣಿಕೆ, ಕ್ರಮವಾಗಿ 2, 5, 1, 1 ಆಗುತ್ತವೆ (10 ಸೇರುವುದು 10–20ಕ್ಕೆ, 20 ಸೇರುವುದು 20–30ಕ್ಕೆ), ನಡುವಿನ ವರ್ಗಾಂತರಗಳು ಖಾಲಿ ಉಳಿಯುತ್ತವೆ. ನೇರ ವಿಧಾನದಲ್ಲಿ, ಅಂದರೆ ಮಧ್ಯಬಿಂದುಗಳನ್ನು ಆವೃತ್ತಿಗಳಿಂದ ಗುಣಿಸಿ, ಕೂಡಿಸಿ, ಒಟ್ಟು ಆವೃತ್ತಿಯಿಂದ ಭಾಗಿಸಿ ಲೆಕ್ಕ ಹಾಕಿದರೆ ಸರಾಸರಿ ಸುಮಾರು 21.67 ಬರುತ್ತದೆ, ನಿಜವಾದ ಸರಾಸರಿಯಾದರೋ 20. ಪ್ರತಿಯೊಬ್ಬರ ಅಂಕಿಯ ಬದಲು ವರ್ಗಾಂತರದ ಮಧ್ಯಬಿಂದುವನ್ನು ಇಟ್ಟುಕೊಂಡದ್ದರಿಂದ ಈ ವ್ಯತ್ಯಾಸ ಬಂತು. ವರ್ಗೀಕೃತ ದತ್ತಾಂಶದ ಸೂತ್ರಗಳು ಕೊಡುವುದು ಅಂದಾಜನ್ನು ಎಂಬ ಈ ಮುಖ್ಯ ವಿಷಯವನ್ನು, ಮೂಲ ಅಂಕಿಗಳೇ ಕೈಯಲ್ಲಿಲ್ಲದ ಲೆಕ್ಕಗಳನ್ನು ಬಿಡಿಸುತ್ತ ಹೋಗುವ ಮಕ್ಕಳು ಎಂದೂ ಅರಿಯದೆ ಉಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಅಧ್ಯಾಯದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವ ಸಂಗತಿ ಇದೇ.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆ ಪಿಯುಸಿಯ ವಿಷಯವಾದರೂ ಹರಡಿಕೆಯ ಕಲ್ಪನೆಯನ್ನು ಈಗಲೇ ಮೂಡಿಸಿ. ಒಂದು ಬಸ್ಸಿಗೆ ಐದು ದಿನ ಕಾದದ್ದು 8, 9, 10, 11, 12 ನಿಮಿಷ, ಇನ್ನೊಂದಕ್ಕೆ 2, 5, 8, 15, 20 ನಿಮಿಷ. ಎರಡರ ಸರಾಸರಿಯೂ 10. ಪರೀಕ್ಷೆಯ ದಿನ ಯಾವ ಬಸ್ಸನ್ನು ನಂಬುತ್ತೀರಿ ಎಂದು ಕೇಳಿದರೆ ಸಾಕು.

ಸಂಭವನೀಯತೆಗೆ ನಾಣ್ಯಕ್ಕಿಂತ ಹುಣಸೆ ಬೀಜ ಒಳ್ಳೆಯದು. ಚೌಕಾಬಾರಕ್ಕೆ ಮಾಡುವಂತೆ ಒಂದು ಬದಿಯನ್ನು ಬೆಳ್ಳಗಾಗುವ ತನಕ ಉಜ್ಜಿದ ಬೀಜವನ್ನು ಎಸೆದರೆ, ಬಿಳಿ ಬದಿ ಮೇಲಾಗುವ ಸಂಭವ ಅರ್ಧವೆಂದು ಮೊದಲೇ ಹೇಳಲು ಬರುವುದಿಲ್ಲ. ಎಸೆದು ಎಣಿಸಿಯೇ ತಿಳಿಯಬೇಕು. ಒಂದೇ ಬೀಜವನ್ನು ಸರದಿಯಂತೆ 40 ಮಕ್ಕಳು ತಲಾ 25 ಸಲ ಎಸೆದರೆ 1000 ಎಸೆತಗಳಾಗುತ್ತವೆ. ಬಿಡುವಿನ ವೇಳೆಯಲ್ಲಿ ಕೆಲವು ದಿನ ಇದನ್ನು ಹಂಚಿಕೊಂಡು ಮಾಡಬಹುದು. ಒಬ್ಬೊಬ್ಬರ ಫಲಿತಾಂಶ ಏರುಪೇರಾಗಿದ್ದರೂ ಎಲ್ಲರದನ್ನೂ ಕೂಡಿಸುತ್ತ ಹೋದಂತೆ ಅನುಪಾತ ಒಂದೆಡೆ ನೆಲೆಗೊಳ್ಳತೊಡಗುತ್ತದೆ.

ದತ್ತಾಂಶ ಸಂಗ್ರಹವನ್ನು ಜೂನ್ 29ರಂದು ಆರಂಭಿಸಿದರೆ ಚೆನ್ನ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರ ಜನ್ಮದಿನವಾದ ಅಂದು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವನ್ನು ಆಚರಿಸಲಾಗುತ್ತಿದೆ. ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೇಂದ್ರವೊಂದು ನಮ್ಮ ಮೈಸೂರು ರಸ್ತೆಯಲ್ಲಿಯೇ ಇದೆ. ಆ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು ಜಗದ್ವಿಖ್ಯಾತರಾದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂದು ಮಕ್ಕಳಿಗೆ ಹೇಳಿ. ಈ ವಿದ್ಯೆ ಎಲ್ಲಿಯೋ ದೂರದ್ದೆಂಬ ಭಾವನೆ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ತೂಕ, ಅಂಕ, ತಂದೆತಾಯಿಯ ಆದಾಯ ಇವುಗಳನ್ನು ತರಗತಿಯ ದತ್ತಾಂಶವಾಗಿ ದಯವಿಟ್ಟು ಬಳಸಬೇಡಿ. ಹಲಗೆಯ ಮೇಲಿನ ಚುಕ್ಕಿ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ, ಮನನೊಂದ ಮಗು ಆಮೇಲೆ ಏನನ್ನೂ ಕಲಿಯಲಾರದು.

ಇನ್ನು ಪರೀಕ್ಷೆಯ ಮಾತು. ಈ ಚಟುವಟಿಕೆಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿಕೊಂಡರೆ ಪ್ರತ್ಯೇಕ ಅವಧಿಗಳ ಹೊರೆ ತಗ್ಗುತ್ತದೆ. ಸೂತ್ರಗಳ ಅಭ್ಯಾಸ ಎಂದಿನಂತೆ ನಡೆಯಲಿ. ಆದರೆ ಪ್ರತಿ ಲೆಕ್ಕದ ಕೆಳಗೆ, ಬಂದ ಉತ್ತರ ಯಾರ ಬಗ್ಗೆ ಏನು ಹೇಳುತ್ತದೆ ಎಂದು ಒಂದು ಪೂರ್ಣ ವಾಕ್ಯವನ್ನು ಬರೆಸಿ, ಅದನ್ನೂ ತಿದ್ದಿ.