ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ನಾಲ್ಕು ತಿಂಗಳು ದಾಟಿದ ಮೇಲೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನಾಲ್ಕು ತಿಂಗಳು ದಾಟಿದ ಗರ್ಭಿಣಿಯರದ್ದೇ. ವಾಂತಿ ನಿಂತಿದೆ, ಊಟ ಸೇರ್ತಿದೆ, ಇನ್ನು ಆರಾಮು ಅಂದ್ಕೊಳ್ಳೋ ಹೊತ್ತಿಗೆ ಹೊಸ ಹೊಸ ತೊಂದರೆ ಶುರುವಾಗತ್ತೆ, ಮನೇಲಿ ಹೇಳಿದ್ರೆ "ಎಲ್ಲರಿಗೂ ಆಗತ್ತೆ ಬಿಡು" ಅಂತಾರೆ. ಎಲ್ಲರಿಗೂ ಆಗತ್ತೆ ನಿಜ, ಹಾಗಂತ ಹಲ್ಲು ಕಚ್ಚಿ ಸಹಿಸ್ಕೊಂಡೇ ಇರ್ಬೇಕು ಅಂತೇನಿಲ್ಲ. ಬಹಳಷ್ಟಕ್ಕೆ ಮಾತ್ರೆ ಬೇಡ, ಕೂರೋದು ಮಲಗೋದು ತಿನ್ನೋದು ಸ್ವಲ್ಪ ಬದಲಾಯಿಸಿದ್ರೆ ಎಷ್ಟೋ ಹಗುರ ಆಗತ್ತೆ. ಆದ್ರೆ ಮನೆಮದ್ದು ಅಂತ ಹೊಟ್ಟೆಗೆ ಹಾಕೋ ಕಷಾಯ, ಚೂರ್ಣ, ಎಣ್ಣೆ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನಗೆ ಈಗ 22 ವಾರ, ಮೊದಲನೇ ಮಗು. ರಾತ್ರಿ ಎರಡು ಮೂರು ಗಂಟೆಗೆ ಮೀನಖಂಡ ಹಿಡ್ಕೊಂಡು ಎಚ್ಚರ ಆಗತ್ತೆ, ಕಲ್ಲಿನ ಥರ ಗಟ್ಟಿ ಆಗಿಬಿಡತ್ತೆ, ಅಳು ಬರತ್ತೆ. ಮಗ್ಗುಲು ಬದಲಾಯಿಸಿದ್ರೆ ಕೆಳಹೊಟ್ಟೆ ಪಕ್ಕದಲ್ಲಿ ಚುಳ್ ಅನ್ನತ್ತೆ. ಸೊಂಟನೂ ನೋವು. ಮಗುಗೆ ಏನಾದ್ರೂ ಆಗ್ತಿದ್ಯಾ ಅಂತ ಭಯ.
ಹೆಸರು ಬೇಡ, ಶಿರಾ

ಉತ್ತರ: ನೀವು ಹೇಳಿರೋ ಮೂರರಲ್ಲಿ ಯಾವುದೂ ಮಗುಗೆ ತೊಂದರೆ ಮಾಡೋದಲ್ಲ, ಮೊದ್ಲು ಆ ಭಯ ಬಿಡಿ.

ಕಾಲು ಹಿಡ್ಕೊಂಡಾಗ ತುಂಬಾ ಜನ ಕಾಲು ಚಾಚಿ ಬೆರಳನ್ನ ಮುಂದಕ್ಕೆ ಚೂಪು ಮಾಡ್ತಾರೆ, ಅದರಿಂದ ಸೆಳೆತ ಇನ್ನೂ ಜಾಸ್ತಿ ಆಗತ್ತೆ. ಉಲ್ಟಾ ಮಾಡ್ಬೇಕು. ಮಂಡಿ ನೇರ ಇಟ್ಟು, ಹಿಮ್ಮಡಿ ಮುಂದಕ್ಕೆ ದೂಡಿ, ಕಾಲ್ಬೆರಳನ್ನ ನಿಮ್ಮ ಮುಖದ ಕಡೆಗೆ ಎಳೀರಿ. ಹೊಟ್ಟೆ ಅಡ್ಡ ಬಂದು ಕೈಗೆ ಎಟುಕಲ್ಲ ಅಂದ್ರೆ ಯಜಮಾನ್ರನ್ನ ಎಬ್ಬಿಸಿ, ಅವರು ಒಂದು ಕೈಲಿ ಹಿಮ್ಮಡಿ ಹಿಡಿದು ಇನ್ನೊಂದು ಕೈಲಿ ಪಾದದ ಮುಂಭಾಗವನ್ನ ನಿಧಾನಕ್ಕೆ ನಿಮ್ಮ ಕಡೆ ಒತ್ತಲಿ. ಯಾರೂ ಇಲ್ದಿದ್ರೆ ಮಂಚ ಹಿಡ್ಕೊಂಡು ಎದ್ದು ನಿಂತು ಹಿಮ್ಮಡಿ ನೆಲಕ್ಕೆ ಊರಿ. ಬಿಟ್ಟ ಮೇಲೆ ಸ್ವಲ್ಪ ಬಿಸಿ ಬಟ್ಟೆ ಶಾಖ ಕೊಟ್ಟು ಕೈಯಲ್ಲಿ ತೀಡಿದ್ರೆ ಉಳಿದ ನೋವು ಹೋಗತ್ತೆ. ಇದು ಬರದೇ ಇರೋ ಹಾಗೆ ಮಲಗೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ, ಗೋಡೆ ಎದುರು ನಿಂತು ಎರಡೂ ಅಂಗೈ ಗೋಡೆಗೆ ಒತ್ತಿ ಒಂದು ಕಾಲು ಹಿಂದಕ್ಕೆ ಇಡಿ, ಹಿಂದಿನ ಹಿಮ್ಮಡಿ ಏಳಬಾರದು, ಹಾಗೇ ಮುಂದಕ್ಕೆ ಬಾಗಿ ಮೀನಖಂಡ ಎಳೆದಂಗೆ ಆಗ್ಬೇಕು, ಮೂವತ್ತು ಸೆಕೆಂಡ್ ಇದ್ದು ಕಾಲು ಬದಲಾಯಿಸಿ, ಹೀಗೆ ಎರಡು ಮೂರು ಸಲ. ಕ್ಯಾಲ್ಸಿಯಂ ಮಾತ್ರೆನ ಹೇಗೂ ಬರೆದುಕೊಟ್ಟಿರ್ತಾರೆ, ಅದನ್ನ ತಪ್ಪಿಸ್ಬೇಡಿ.

ಕೆಳಹೊಟ್ಟೆ ಪಕ್ಕ ಚುಳ್ ಅನ್ನೋದು ಗರ್ಭಕೋಶವನ್ನ ಎರಡೂ ಕಡೆಯಿಂದ ಹಿಡಿದಿರೋ ಕಟ್ಟುಗಳು ಎಳೆಯೋದ್ರಿಂದ. 20 ವಾರಕ್ಕೆ ಗರ್ಭಕೋಶ ಹೊಕ್ಕುಳದ ಮಟ್ಟಕ್ಕೆ ಬಂದಿರತ್ತೆ, ಆ ಕಟ್ಟುಗಳೂ ಅಷ್ಟೇ ಹಿಗ್ಗಬೇಕಲ್ವಾ, ಥಟ್ ಅಂತ ಎದ್ರೆ, ಸೀನಿದ್ರೆ, ಜೋರಾಗಿ ನಕ್ಕರೂ ತೊಡೆಸಂದಿ ತನಕ ನೋವು ಬರತ್ತೆ, ಕೆಲವು ಸೆಕೆಂಡಲ್ಲಿ ಹೋಗತ್ತೆ. ಸೀನು ಬರೋ ಹಾಗಾದ್ರೆ ಸ್ವಲ್ಪ ಮುಂದೆ ಬಾಗಿ. ಮಲಗಿದ್ದಾಗ ಎರಡೂ ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೆ ತಿರುಗಿಸಿ, ಆಮೇಲೆ ಕೈ ಊರಿ ಏಳಿ. ಮಲಗೋವಾಗ ಎಡಮಗ್ಗುಲು ಒಳ್ಳೇದು, ಮಂಡಿ ಮಧ್ಯ ಒಂದು ದಿಂಬು, ಹೊಟ್ಟೆ ಕೆಳಗೆ ಹಳೇ ಕಾಟನ್ ಸೀರೆ ಮಡಚಿ ಇಟ್ಕೊಳ್ಳಿ, ಸೊಂಟನೋವಿಗೂ ಇದೇ ಅರ್ಧ ಔಷಧಿ. ನಿದ್ದೇಲಿ ಅಂಗಾತ ಆಗಿಬಿಟ್ಟಿದ್ರೆ ಗಾಬರಿ ಬೇಡ, ಎಚ್ಚರ ಆದಾಗ ತಿರುಗಿ ಮಲಗಿ ಅಷ್ಟೇ. ಸೊಂಟಕ್ಕೆ ಇನ್ನೊಂದು, ಮಂಡಿ ಮತ್ತೆ ಅಂಗೈ ಊರಿ ಬೆನ್ನನ್ನ ಬೆಕ್ಕಿನ ಥರ ಮೇಲಕ್ಕೆ ಬಾಗಿಸಿ ಮತ್ತೆ ಸಮ ಮಾಡೋದು, ದಿನಾ ಐದು ನಿಮಿಷ ಸಾಕು. ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ಕೇಳ್ಬೇಡಿ, ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ್ದು ಗರ್ಭಿಣಿಯರು ಸ್ವಂತಕ್ಕೆ ತಗೊಳ್ಳೋ ಹಾಗಿಲ್ಲ.

ನೋವು ಅಲೆ ಅಲೆಯಾಗಿ ಬಿಟ್ಟು ಬಿಟ್ಟು ಬರ್ತಿದ್ರೆ, ಹೊಟ್ಟೆ ಪದೇ ಪದೇ ಬಿಗಿ ಆಗ್ತಿದ್ರೆ, ನೀರು ಅಥವಾ ರಕ್ತ ಕಂಡ್ರೆ ಅದು ಬೇರೆ ವಿಷಯ, ಬೆಳಗಾಗೋ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಊದಿ, ಕೆಂಪಾಗಿ, ಹಗಲಲ್ಲೂ ನೋವು ಬಿಡ್ತಿಲ್ಲ ಅಂದ್ರೂ ಹಾಗೇ, ರಕ್ತ ಹೆಪ್ಪುಗಟ್ಟಿರಬಹುದು, ಆ ಕಾಲನ್ನ ತೀಡಲೇಬೇಡಿ.

ಪ್ರಶ್ನೆ: ನನಗ ಆರು ತಿಂಗಳು ನಡದೈತ್ರಿ ಡಾಕ್ಟರ. ಊಟ ಆದ್ಮ್ಯಾಲೆ ಎದಿ ಭಾಳ ಉರಿತೈತ್ರಿ, ಹುಳಿತೇಗು ಬರ್ತಾವ. ಕಬ್ಬಿಣದ ಗುಳಗಿ ಶುರು ಮಾಡಿದಾಗಿಂದ ಸಂಡಾಸ ಸರಿ ಆಗವಲ್ದು, ಕರ್ರಗ ಬರ್ತೈತಿ. ಅತ್ತಿಯವ್ರು ಹರಳೆಣ್ಣಿ ಕುಡಿ ಅಂತಾರ. ಕುಡೀಬೇಕೋ ಬ್ಯಾಡೋ ಹೇಳ್ರಿ.
ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬೇಡಮ್ಮ, ಖಂಡಿತ ಕುಡೀಬೇಡಿ. ನಿಮ್ಮ ಅತ್ತೆಯವರು ಒಳ್ಳೆ ಮನಸ್ಸಿಂದಾನೇ ಹೇಳಿರ್ತಾರೆ, ಮೊದಲೆಲ್ಲ ಹೊಟ್ಟೆ ಕಟ್ಟಿದ್ರೆ ಮನೆ ಮಕ್ಕಳಿಗೆಲ್ಲ ಅದನ್ನೇ ಕುಡಿಸ್ತಿದ್ರು, ಆದ್ರೆ ಹರಳೆಣ್ಣೆ ಕರುಳನ್ನ ಮಾತ್ರ ಅಲ್ಲ ಗರ್ಭಕೋಶವನ್ನೂ ಕೆರಳಿಸಬಹುದು, ಆರನೇ ತಿಂಗಳಲ್ಲಿ ಅದು ನಮಗೆ ಬೇಡ. ಕೈಕಾಲಿಗೆ ಹಚ್ಚಿ ತೀಡ್ಕೊಳ್ಳೋಕೆ ಅಡ್ಡಿ ಇಲ್ಲ. ಸೋನಾಮುಖಿ ಪುಡಿ, ಲೋಳೆಸರದ ಜ್ಯೂಸ್, ದಿನಾ ಜೇಷ್ಠಮಧು ಕಷಾಯ, ಇವನ್ನೂ ಗಿಡಮೂಲಿಕೆ ತಾನೇ ಅಂತ ಸ್ವಂತಕ್ಕೆ ಶುರು ಮಾಡ್ಬೇಡಿ. ಗಿಡದಿಂದ ಬಂದಿದ್ದೆಲ್ಲ ಗರ್ಭಿಣಿಗೆ ಒಳ್ಳೇದು ಅನ್ನೋ ನಂಬಿಕೆಯಿಂದ ತೊಂದರೆ ಆಗಿ ಬರೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ನಿಮಗೆ ಆಗ್ತಿರೋದರ ಕಾರಣ ಕೇಳಿ. ಬಸುರಿಯಲ್ಲಿ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನ್ ಜಾಸ್ತಿ ಇರತ್ತೆ, ಗರ್ಭಕೋಶ ಬಿಗಿ ಆಗದೇ ಸಡಿಲವಾಗಿ ಇರೋದಕ್ಕೆ ಅದು ಬೇಕೇ ಬೇಕು, ಆದ್ರೆ ಅದು ಜಠರದ ಮೇಲ್ಬಾಗಿಲನ್ನೂ ಕರುಳನ್ನೂ ಸಡಿಲ ಮಾಡತ್ತೆ, ಅದಕ್ಕೇ ಆಸಿಡ್ ಮೇಲೆ ಬರತ್ತೆ, ಕರುಳಲ್ಲಿ ಎಲ್ಲ ನಿಧಾನಕ್ಕೆ ಸಾಗತ್ತೆ. ಅದರ ಜೊತೆಗೆ ಬೆಳೀತಿರೋ ಗರ್ಭಕೋಶ ಜಠರವನ್ನ ಮೇಲಕ್ಕೆ ದೂಡತ್ತೆ.

ಹಾಗಾಗಿ ಎರಡು ರೊಟ್ಟಿ ಒಟ್ಟಿಗೆ ತಿನ್ನೋ ಬದಲು ಈಗೊಂದು, ಎರಡು ಗಂಟೆ ಬಿಟ್ಟು ಇನ್ನೊಂದು. ನಿಮ್ಮ ಕಡೆ ಊಟದಲ್ಲಿ ಖಾರ ಜಾಸ್ತಿ, ಕೆಂಪು ಚಟ್ನಿ, ಎಣ್ಣೆ ತೇಲೋ ಪಲ್ಯ ರಾತ್ರಿ ಹೊತ್ತು ಬೇಡ, ಮಧ್ಯಾಹ್ನಕ್ಕೆ ಇಟ್ಕೊಳ್ಳಿ. ರಾತ್ರಿ ಊಟ ಎಂಟು ಗಂಟೆ ಒಳಗೆ ಮುಗಿಸಿ ಎರಡು ಮೂರು ಗಂಟೆ ಬಿಟ್ಟು ಮಲಗಿ, ತಲೆ ಕಡೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ರೆ ಬರೀ ದಿಂಬು ಜಾಸ್ತಿ ಇಡೋದಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ. ಜೀರಿಗೆ ಹಾಕಿದ ನೀರುಮಜ್ಜಿಗೆ ಕುಡೀರಿ. ಸೋಡಾಪುಡಿ ಕಲಸಿ ಕುಡಿಯೋದು ಬೇಡ, ಅದರಲ್ಲಿ ಸೋಡಿಯಂ ತುಂಬಾ. ಇಷ್ಟಕ್ಕೂ ಬಗ್ಗಲಿಲ್ಲ ಅಂದ್ರೆ ಗರ್ಭಿಣಿಯರಿಗೆ ಸುರಕ್ಷಿತವಾದ ಆಂಟಾಸಿಡ್ ಇದೆ, ಡಾಕ್ಟರನ್ನ ಕೇಳಿ.

ಕಬ್ಬಿಣದ ಮಾತ್ರೆ ಮಾತ್ರ ದಯವಿಟ್ಟು ನಿಲ್ಲಿಸ್ಬೇಡಿ. ಮಲ ಕಪ್ಪಾಗೋದು ಆ ಮಾತ್ರೆಯಿಂದಲೇ, ಅದರಲ್ಲಿ ತಪ್ಪೇನಿಲ್ಲ. ಸರ್ಕಾರಿ ಆಸ್ಪತ್ರೇಲಿ ಕೊಡೋ ಕೆಂಪು ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ ಇರತ್ತೆ, ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ ತಗೋಬೇಕು, ಹೆರಿಗೇಲಿ ರಕ್ತ ಹೋದ್ರೆ ತಡ್ಕೊಳ್ಳೋ ಶಕ್ತಿ ಅದರಿಂದಲೇ. ಕ್ಯಾಲ್ಸಿಯಂ ಜೊತೆ ನುಂಗಿದ್ರೆ ಮೈಗೆ ಹತ್ತಲ್ಲ, ಎರಡಕ್ಕೂ ಮಧ್ಯೆ ಎರಡು ಗಂಟೆ ಇರ್ಲಿ. ಟೀ ಜೊತೆನೂ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡ್ರೆ ಚೆನ್ನಾಗಿ ಹತ್ತತ್ತೆ, ಆದ್ರೆ ಎದೆಯುರಿ ಜಾಸ್ತಿ ಅನಿಸಿದ್ರೆ ಬರೀ ನೀರಲ್ಲೇ ನುಂಗಿ.

ಮಲಬದ್ಧತೆಗೆ ನೀರು, ಸೊಪ್ಪು, ಮೊಳಕೆಕಾಳು, ರಾತ್ರಿ ನೆನೆಸಿಟ್ಟ ಅಂಜೂರ ಎರಡು ಮೂರು, ಸೀಬೆಹಣ್ಣು. ಪೂರ್ತಿ ಹಣ್ಣಾದ ಪಪ್ಪಾಯಿ ತಿನ್ನಬಹುದು, ಹಾಲು ಒಸರೋ ಕಾಯಿ ಮತ್ತೆ ದೋರೆಗಾಯಿ ಬೇಡ. ಇಸಬ್ಗೋಲ್ ಒಂದು ಚಮಚ, ಅದರ ಮೇಲೆ ತುಂಬಾ ನೀರು ಕುಡೀಬೇಕು, ಇಲ್ಲಾಂದ್ರೆ ಇನ್ನೂ ಕಟ್ಟತ್ತೆ. ಮನೇಲಿ ಕಮೋಡ್ ಇದ್ರೆ ಕಾಲ ಕೆಳಗೆ ಸಣ್ಣ ಸ್ಟೂಲ್ ಇಟ್ಕೊಂಡು ಕೂತ್ಕೊಳ್ಳಿ, ಮುಕ್ಕಬೇಡಿ, ಮುಕ್ಕಿದ್ರೆ ಮೂಲವ್ಯಾಧಿ ಬರತ್ತೆ.

ಪ್ರಶ್ನೆ: ಮುಖದ ಮೇಲೆ ಬಂಗು ಬಂದಿದೆ, ಹೊಕ್ಕುಳಿಂದ ಕೆಳಗೆ ಕಪ್ಪು ಗೆರೆ. ಗೆರೆ ಬಂದ್ರೆ ಗಂಡು ಅಂತ ಅಕ್ಕಪಕ್ಕದವರು ಹೇಳ್ತಾರೆ. ಹೊಟ್ಟೆ ತುಂಬಾ ಕೆರೆತ.
ಹೆಸರು ಬೇಡ, ಮೈಸೂರು

ಉತ್ತರ: ಆ ಗೆರೆಗೂ ಮಗು ಗಂಡೋ ಹೆಣ್ಣೋ ಅನ್ನೋದಕ್ಕೂ ಸಂಬಂಧಾನೇ ಇಲ್ಲ. ಹಾರ್ಮೋನಿಂದ ಚರ್ಮದ ಬಣ್ಣ ಗಾಢ ಆಗತ್ತೆ, ಹೆರಿಗೆ ಆಗಿ ಕೆಲವು ತಿಂಗಳಲ್ಲಿ ತಾನಾಗೇ ತಿಳಿ ಆಗತ್ತೆ. ಬಂಗಿಗೆ ಬಿಸಿಲೇ ಶತ್ರು, ಹೊರಗೆ ಹೋಗೋವಾಗ ಕೊಡೆ, ಸನ್‌ಸ್ಕ್ರೀನ್ ಇರ್ಲಿ, ಬಿಳಿ ಮಾಡೋ ಕ್ರೀಮ್ ಹಚ್ಚಬೇಡಿ, ಅದರಲ್ಲಿ ಸ್ಟೆರಾಯ್ಡ್ ಇರೋದು ಎಷ್ಟೋ ಸಲ ಗೊತ್ತೇ ಆಗಲ್ಲ. ಹೊಟ್ಟೆ ಚರ್ಮ ಹಿಗ್ಗಿ ಒಣಗೋದ್ರಿಂದ ಕೆರೆತ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಮೈ ಇನ್ನೂ ಹಸಿ ಇರೋವಾಗ್ಲೇ ಕೊಬ್ಬರಿ ಎಣ್ಣೆ ಹಚ್ಚಿ. ಎಣ್ಣೆಯಿಂದ ಸ್ಟ್ರೆಚ್ ಮಾರ್ಕ್ಸ್ ಬರೋದು ನಿಲ್ಲಲ್ಲ, ಅದಕ್ಕಂತ ದುಬಾರಿ ಎಣ್ಣೆ ಕೊಳ್ಬೇಡಿ, ಕೆರೆತ ಮಾತ್ರ ಕಮ್ಮಿ ಆಗತ್ತೆ. ಅಂಗೈ ಅಂಗಾಲಲ್ಲಿ, ಅದೂ ರಾತ್ರಿ ಹೊತ್ತು ಗುಳ್ಳೆ ಇಲ್ದೇ ವಿಪರೀತ ಕೆರೆತ ಶುರುವಾದ್ರೆ ಡಾಕ್ಟರಿಗೆ ಹೇಳಿ, ಲಿವರ್‌ಗೆ ಸಂಬಂಧಪಟ್ಟ ರಕ್ತಪರೀಕ್ಷೆ ಬೇಕಾಗತ್ತೆ.

ಪ್ರಶ್ನೆ: ನಾನು ಗಾರ್ಮೆಂಟ್ಸಲ್ಲಿ ಟೈಲರ್, ಐದು ತಿಂಗಳು ತುಂಬಿದೆ. ಸಂಜೆ ಹೊತ್ತಿಗೆ ಪಾದ ಊದ್ಕೊಂಡು ಚಪ್ಪಲಿ ಹಿಡಿಸಲ್ಲ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ. ಪದೇ ಪದೇ ಬಾತ್‌ರೂಮಿಗೆ ಎದ್ರೆ ಸೂಪರ್‌ವೈಸರ್ ಬೈತಾರೆ ಅಂತ ನೀರು ಕುಡಿಯೋದೇ ಕಮ್ಮಿ ಮಾಡಿದೀನಿ, ಕಮ್ಮಿ ಕುಡಿದ್ರೆ ಊತನೂ ಇಳಿಯತ್ತೆ ಅಂತ ಜೊತೆಯವರು ಹೇಳಿದ್ರು.
ಹೆಸರು ಬೇಡ, ಮದ್ದೂರು

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಹೊತ್ತು ಅದೇ ಯೋಚನೆ ಆಯ್ತು. ನೀರು ಕಮ್ಮಿ ಕುಡಿದ್ರೆ ಊತ ಇಳಿಯಲ್ಲ ತಾಯಿ, ಅದರ ಬದಲು ಯೂರಿನ್ ಇನ್‌ಫೆಕ್ಷನ್ ಬರತ್ತೆ. ಗರ್ಭಿಣಿಗೆ ಅದು ಕಿಡ್ನಿವರೆಗೂ ಹೋಗಬಹುದು, ದಿನ ತುಂಬೋ ಮೊದಲೇ ಹೆರಿಗೆ ನೋವು ಶುರು ಆಗೋದಕ್ಕೂ ಕಾರಣ ಆಗಬಹುದು. ಬಾಟಲಿ ಮಿಷನ್ ಪಕ್ಕದಲ್ಲೇ ಇಟ್ಕೊಂಡು ಆಗಾಗ ಗುಟುಕರಿಸ್ತಾ ಇರಿ, ಮೂತ್ರ ತಡೀಬೇಡಿ. "ಆಗಾಗ ಎದ್ದು ಓಡಾಡಬೇಕು, ಮೂತ್ರ ತಡೆಯಬಾರದು" ಅಂತ ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೊಂಡು ಹೋಗಿ, ಬಾಯಲ್ಲಿ ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ. ಉರಿಮೂತ್ರ, ಚಳಿಜ್ವರ ಇದ್ರೆ ಅವತ್ತೇ ತೋರಿಸಿ.

ಗರ್ಭಕೋಶ ಭಾರ ಆಗ್ತಾ ಕಾಲಿನ ರಕ್ತ ಮೇಲಕ್ಕೆ ಹೋಗೋ ದೊಡ್ಡ ರಕ್ತನಾಳವನ್ನ ಒತ್ತತ್ತೆ, ಕಾಲು ಇಳಿಬಿಟ್ಟು ಇಡೀ ದಿನ ಕೂತ್ರೆ ನೀರು ಪಾದದಲ್ಲೇ ನಿಲ್ಲತ್ತೆ. ಪೆಡಲ್ ಮೇಲಿಲ್ಲದ ಕಾಲನ್ನ ಮಿಷನ್ ಕೆಳಗೇ ಆಗಾಗ ಗುಂಡಗೆ ತಿರುಗಿಸಿ, ಹಿಮ್ಮಡಿ ಎತ್ತಿ ಇಳಿಸಿ. ಊಟದ ಬಿಡುವಲ್ಲಿ ಹತ್ತು ನಿಮಿಷ ಎಡಮಗ್ಗುಲಾಗಿ ಮಲಗೋ ಜಾಗ ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ. ಮನೆಗೆ ಬಂದು ಕಾಲನ್ನ ದಿಂಬಿನ ಮೇಲೆ ಎತ್ತಿ ಇಡಿ. ಉಪ್ಪು ಪೂರ್ತಿ ಬಿಡೋದೇನು ಬೇಡ, ಉಪ್ಪಿನಕಾಯಿ ಹಪ್ಪಳ ಕಮ್ಮಿ ಮಾಡಿ.

ಇಲ್ಲೊಂದು ಮುಖ್ಯ ವಿಷಯ. ಸಂಜೆ ಊದಿ ಬೆಳಗ್ಗೆ ಇಳಿಯೋದು ಸಾಮಾನ್ಯ. ಆದ್ರೆ ಬೆಳಗ್ಗೆ ಎದ್ದಾಗಲೇ ಮುಖ, ಕೈಬೆರಳು ಊದಿದ್ರೆ, ಉಂಗುರ ಬಳೆ ಬಿಗಿ ಆದ್ರೆ, ಜೊತೆಗೆ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ರೆ ಅದು ಬಿಪಿ ಏರಿರೋ ಲಕ್ಷಣ ಇರಬಹುದು, 20 ವಾರ ಆದ ಮೇಲೆ ಇದು ಯಾರಿಗೆ ಬೇಕಾದ್ರೂ ಬರಬಹುದು, 140/90 ಮುಟ್ಟಿದ್ರೆ ಸುಮ್ನೆ ಕೂರೋ ಹಾಗಿಲ್ಲ. ರಜೆ ಕಳ್ಕೊಂಡು ಪ್ರೈವೇಟಿಗೆ ದುಡ್ಡು ಸುರೀಬೇಕು ಅಂತಿಲ್ಲ, ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಫ್ರೀ ಚೆಕಪ್ ಇರತ್ತೆ, ತಾಯಿ ಕಾರ್ಡ್ ತಗೊಂಡು ಹೋಗಿ ಬಿಪಿ, ಯೂರಿನ್, ಹಿಮೋಗ್ಲೋಬಿನ್ ಮೂರೂ ನೋಡಿಸಿ. ತುರ್ತು ಇದ್ರೆ 108.

ಪ್ರಶ್ನೆ: ನನ್ನ ಹೆಂಡತಿಗೆ 18 ವಾರ. ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ, ಎರಡು ಸಲ ಮೂಗಲ್ಲೂ ಬಂತು. ತುಂಬಾ ಹೆದರಿದಾಳೆ, ನಾನೂ ಹೆದರಿದೀನಿ.
ಓದುಗರು, ಹೊಸಪೇಟೆ

ಉತ್ತರ: ಗರ್ಭಿಣಿ ಮೈಯಲ್ಲಿ ರಕ್ತದ ಪ್ರಮಾಣ ಹೆರಿಗೆ ಹತ್ತಿರ ಬರೋ ಹೊತ್ತಿಗೆ ಶೇಕಡ 40ರಿಂದ 50ರಷ್ಟು ಜಾಸ್ತಿ ಆಗತ್ತೆ, ಮೂಗು ವಸಡಿನ ಸಣ್ಣ ರಕ್ತನಾಳ ಊದಿರ್ತವೆ, ಸ್ವಲ್ಪ ತಾಗಿದ್ರೂ ರಕ್ತ ಬರತ್ತೆ. ಮೂಗಲ್ಲಿ ಬಂದಾಗ ತಲೆ ಹಿಂದಕ್ಕೆ ಎತ್ತಿಸ್ಬೇಡಿ, ಮುಂದಕ್ಕೆ ಬಾಗಿ ಕೂರಿಸಿ ಮೂಗಿನ ಮೆತ್ತನೆ ಭಾಗವನ್ನ ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡೀರಿ, ಮಧ್ಯ ಮಧ್ಯ ಬಿಟ್ಟು ನೋಡ್ಬೇಡಿ. ಅರ್ಧ ಗಂಟೆ ಆದ್ರೂ ನಿಲ್ಲಲಿಲ್ಲ ಅಂದ್ರೆ ಆಸ್ಪತ್ರೆ. ಹಲ್ಲಿಗೆ ಮೆತ್ತನೆ ಬ್ರಶ್ ತಂದ್ಕೊಡಿ, ಊಟ ಆದ ಮೇಲೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸ್ಲಿ, ರಕ್ತ ಬರತ್ತೆ ಅಂತ ಉಜ್ಜೋದು ಬಿಟ್ರೆ ವಸಡು ಇನ್ನೂ ಹಾಳಾಗತ್ತೆ. ಡೆಂಟಿಸ್ಟ್ ಹತ್ರ ಹೋಗೋಕೆ ಬಸುರಿಯಲ್ಲಿ ಈ ನಡುವಿನ ಮೂರು ತಿಂಗಳೇ ಅನುಕೂಲದ ಸಮಯ, ಕ್ಲೀನಿಂಗ್ ಧಾರಾಳವಾಗಿ ಮಾಡಿಸಬಹುದು, ಎಷ್ಟನೇ ವಾರ ಮತ್ತೆ ಯಾವ್ಯಾವ ಮಾತ್ರೆ ತಗೊಳ್ತಿದಾರೆ ಅನ್ನೋದನ್ನ ಕುರ್ಚಿ ಮೇಲೆ ಕೂರೋ ಮುಂಚೆನೇ ಹೇಳಿಬಿಡಿ.